ಸೀಲು ಒಡೆಯುವುದು ಯಾರಿಗಾಗಿ?

ಸ್ಪೀಡ್ ಗವರ್ನರ್ ಎಂಬುದು ವಾಹನ ನಿಗದಿತ ವೇಗ ಮುಟ್ಟಿದ ಕೂಡಲೇ ಎಂಜಿನ್ನಿಗೆ ಹೋಗುವ ಇಂಧನಕ್ಕೆ ತಡೆ ಒಡ್ಡುವ ಸಾಧನ. ಭಾರತದಲ್ಲಿ ಲಾರಿಗಳಿಗೆ ಆ ಮಿತಿ ಗಂಟೆಗೆ 80 ಕಿಲೋಮೀಟರ್. ಟ್ಯಾಂಕರ್, ಟಿಪ್ಪರ್ ಮತ್ತು ಅಪಾಯಕಾರಿ ಸರಕು ಒಯ್ಯುವ ವಾಹನಗಳಿಗೆ 60. ಕೇಂದ್ರ ಮೋಟಾರು ವಾಹನ ನಿಯಮಾವಳಿ 1989ರ 118ನೇ ನಿಯಮದಲ್ಲಿ ಇದರ ಪ್ರಸ್ತಾಪ ಮೊದಲಿನಿಂದಲೂ ಇತ್ತು. ಆದರೆ ಅದಕ್ಕೆ ಹಲ್ಲು ಬಂದದ್ದು 2015ರ ಏಪ್ರಿಲ್ 15ರ ಅಧಿಸೂಚನೆಯಿಂದ. ಆ ವರ್ಷ ಅಕ್ಟೋಬರ್ 1ರಿಂದಾಚೆಗೆ ತಯಾರಾಗುವ ಸಾರಿಗೆ ವಾಹನಗಳಿಗೆ ತಯಾರಕರೋ ಡೀಲರೋ ಗವರ್ನರ್ ಅಳವಡಿಸಿಯೇ ಮಾರಬೇಕು ಎಂದಾಯಿತು. ಹಳೆಯ ವಾಹನಗಳ ವಿಚಾರವನ್ನು ರಾಜ್ಯ ಸರ್ಕಾರಗಳು ಅಧಿಸೂಚನೆಯ ಮೂಲಕ ಇತ್ಯರ್ಥಪಡಿಸಬೇಕಿತ್ತು. ದ್ವಿಚಕ್ರ, ತ್ರಿಚಕ್ರ ವಾಹನಗಳಿಗೂ ಆಂಬುಲೆನ್ಸ್, ಅಗ್ನಿಶಾಮಕ ಮತ್ತು ಪೊಲೀಸ್ ವಾಹನಗಳಿಗೂ ವಿನಾಯಿತಿ ಸಿಕ್ಕಿತು.

ನಿಯಮ ಬಂದು ಹತ್ತು ವರ್ಷ ದಾಟಿದೆ. ಆದರೂ ಬೆಂಗಳೂರಿನಿಂದ ತುಮಕೂರು, ಹಿರಿಯೂರು, ಚಿತ್ರದುರ್ಗ ಹಾದು ಹುಬ್ಬಳ್ಳಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ರಾತ್ರಿ ಹೊತ್ತು 80ರಲ್ಲಿ ಸಾಗುವ ಕಾರನ್ನು ತುಂಬಿದ ಲಾರಿ ಹಿಂದೆ ಹಾಕಿ ಹೋಗುವುದು ಯಾರಿಗೂ ಅಚ್ಚರಿಯ ದೃಶ್ಯವಲ್ಲ. ಸಾಧನ ಇದ್ದೂ ಕೆಲಸ ಮಾಡದಿರುವುದಕ್ಕೆ ಮುಖ್ಯ ಕಾರಣ ಅದರ ಸೀಲು ಒಡೆದಿರುವುದು. ಸೀಲನ್ನು ಯಾರು ಒಡೆಯುತ್ತಾರೆ, ಯಾರಿಗಾಗಿ ಒಡೆಯುತ್ತಾರೆ ಎಂಬುದನ್ನು ನೋಡದೆ ಸಾಧನವನ್ನಷ್ಟೇ ಸುಧಾರಿಸಿದರೆ ಫಲವಿಲ್ಲ.

ಮೊದಲು ಅದರ ಕೆಲಸದ ಬಗೆ. ಗೇರ್‌ಬಾಕ್ಸಿನಿಂದ ಹಿಂಬದಿ ಚಕ್ರಗಳಿಗೆ ಶಕ್ತಿ ಒಯ್ಯುವ ಶಾಫ್ಟ್ ಎಷ್ಟು ಸುತ್ತು ತಿರುಗುತ್ತಿದೆ ಎಂಬುದನ್ನು ಒಂದು ಸೆನ್ಸರ್ ಎಣಿಸುತ್ತದೆ. ಪ್ರತಿ ಸುತ್ತಿಗೂ ಇಂತಿಷ್ಟು ವಿದ್ಯುತ್ ಮಿಡಿತಗಳು. ನಿಯಂತ್ರಣ ಪೆಟ್ಟಿಗೆ ಅವುಗಳನ್ನು ವೇಗಕ್ಕೆ ಪರಿವರ್ತಿಸಿ, ಮಿತಿ ಸಮೀಪಿಸುತ್ತಿದ್ದಂತೆ ಆಕ್ಸಿಲರೇಟರಿನ ಬಲವನ್ನು ಕುಗ್ಗಿಸುತ್ತದೆ. ಹಳೆಯ ಲಾರಿಗಳಲ್ಲಿ ಡೀಸೆಲ್ ಪೈಪಿಗೆ ಅಡ್ಡಲಾಗಿ ಕೂತ ವಾಲ್ವ್ ಈ ಕೆಲಸ ಮಾಡುತ್ತಿತ್ತು. ಆಕ್ಸಿಲರೇಟರ್ ತಂತಿಯ ಬದಲು ವಿದ್ಯುತ್ ಸಂಕೇತ ಬಂದ ಮೇಲೆ, ಪೆಡಲಿನಿಂದ ಹೊರಟ ಸಂಕೇತವನ್ನೇ ನಡುವೆ ಹಿಡಿದು ತಗ್ಗಿಸುವ ಸಾಧನಗಳು ಬಂದವು. ಇತ್ತೀಚಿನ ಬಿಎಸ್ 6 ಲಾರಿಗಳಲ್ಲಿ ಬೇರೆ ಪೆಟ್ಟಿಗೆ ಬೇಕಿಲ್ಲ. ಎಂಜಿನ್ನಿನ ಕಂಪ್ಯೂಟರಿನಲ್ಲೇ ಮಿತಿ ಬರೆದಿರುತ್ತದೆ. ಈ ಸಾಧನಗಳು ಎಐಎಸ್ 018 ಎಂಬ ಮಾನದಂಡಕ್ಕೆ ಒಳಪಟ್ಟಿರಬೇಕು, ಪುಣೆಯ ಎಆರ್‌ಎಐಯಂಥ ಮಾನ್ಯ ಸಂಸ್ಥೆಗಳಲ್ಲಿ ಪರೀಕ್ಷೆಗೊಂಡಿರಬೇಕು. ಅಳವಡಿಸಿದ ಮೇಲೆ ಜೋಡಣೆಗಳಿಗೆ ಸೀಲು ಹಾಕಿ ಪ್ರಮಾಣಪತ್ರ ಕೊಡಬೇಕು.

ತಿದ್ದುವ ದಾರಿಗಳೂ ಸಾಧನದ ಜೊತೆಜೊತೆಗೇ ಬದಲಾದವು. ಹೊರಗಿನಿಂದ ಕೂರಿಸಿದ ಪೆಟ್ಟಿಗೆಯ ಸಂಪರ್ಕ ಕಿತ್ತು ಹಾಕುವುದು ಎಲ್ಲಕ್ಕಿಂತ ಹಳೆಯದು, ಅಗ್ಗದ್ದು. ಸೆನ್ಸರಿಗೆ ತಪ್ಪು ಎಣಿಕೆ ಕೊಡುವುದು ಎರಡನೆಯದು. ಎಂಜಿನ್ನಿನ ಕಂಪ್ಯೂಟರಿನೊಳಗಿನ ಮಿತಿಯನ್ನೇ ಲ್ಯಾಪ್‌ಟಾಪ್ ಜೋಡಿಸಿ ಬದಲಿಸುವುದು ಹೊಸ ಕಾಲದ ವಿದ್ಯೆ. ಸಾಮಾನ್ಯ ಮೆಕ್ಯಾನಿಕ್‌ನಿಂದ ಆಗದ ಈ ಕೆಲಸಕ್ಕೆ ಹಣ ಹೆಚ್ಚು ಬೇಕು, ಗೊತ್ತಿದ್ದವರು ಬೇಕು. ಒಬ್ಬ ಸಂಬಳದ ಚಾಲಕ ಮಾಲೀಕನಿಗೆ ತಿಳಿಯದಂತೆ ಇದನ್ನು ಮಾಡಿಸಿಕೊಳ್ಳುವುದು ಕಷ್ಟ, ಮಾಡಿಸಿಕೊಳ್ಳಲು ಅವನಿಗೆ ಕಾರಣವೂ ಕಡಿಮೆ.

ಇವೆಲ್ಲಕ್ಕಿಂತ ದೊಡ್ಡ ಸೋರಿಕೆ ಇರುವುದು ಕಾಗದದಲ್ಲಿ. ಸಾರಿಗೆ ವಾಹನಕ್ಕೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಅರ್ಹತಾ ಪತ್ರ, ಅಂದರೆ ರಸ್ತೆಯವರ ಬಾಯಲ್ಲಿ ಎಫ್‌ಸಿ, ನವೀಕರಿಸಬೇಕು. ಗವರ್ನರ್ ಪ್ರಮಾಣಪತ್ರವಿಲ್ಲದೆ ಎಫ್‌ಸಿ ಆಗದು. ಹಾಗಾಗಿ ಎಫ್‌ಸಿಯ ದಿನಕ್ಕೆ ಸಾಧನ ಹಾಜರಾಗಿ, ಆರ್‌ಟಿಒ ಆವರಣ ದಾಟಿದ ಮೇಲೆ ನಿಷ್ಕ್ರಿಯವಾಗುವ ಪದ್ಧತಿ ಬೆಳೆಯಿತು. ಸಾಧನವೇ ಇಲ್ಲದೆ ಪ್ರಮಾಣಪತ್ರ ಮಾತ್ರ ಪಡೆದವರೂ ಉಂಟು. ಇದನ್ನು ತಡೆಯಲೆಂದೇ ಸಾಧನದ ವಿವರವನ್ನು ವಾಹನ ನೋಂದಣಿಯ ‘ವಾಹನ್’ ದತ್ತಾಂಶಕ್ಕೆ ಸೇರಿಸುವ ವ್ಯವಸ್ಥೆ ಬಂತು. ನಕಲಿ ಪ್ರಮಾಣಪತ್ರಕ್ಕೆ ಅದು ಕಡಿವಾಣ ಹಾಕಬಲ್ಲದು. ಆದರೆ ವರ್ಷದ ಒಂದು ದಿನ ಸರಿಯಿದ್ದ ಯಂತ್ರ ಉಳಿದ 364 ದಿನ ಏನು ಮಾಡುತ್ತದೆ ಎಂಬುದನ್ನು ಅದು ಹೇಳಲಾರದು.

ಈಗ ಹಣದ ವಿಚಾರ. ಲಾರಿ ಚಾಲಕನ ದುಡಿಮೆ ಬಹುಮಟ್ಟಿಗೆ ಟ್ರಿಪ್ಪಿನ ಲೆಕ್ಕದ್ದು. ಎಷ್ಟು ಟ್ರಿಪ್ ಆಯಿತೋ ಅಷ್ಟು ಬತ್ತೆ. ಸರಕು ಬೇಗ ಕೆಡುವಂಥದ್ದಾದರೆ ಅವಸರ ಇಮ್ಮಡಿ. ಕೋಲಾರದ ಎಪಿಎಂಸಿಯಿಂದ ಉತ್ತರ ಭಾರತದ ಮಾರುಕಟ್ಟೆಗಳಿಗೆ ಹೊರಡುವ ಟೊಮೆಟೊ, ಮಲ್ಪೆ ಬಂದರಿನಿಂದ ಹೊರಡುವ ಮೀನು ತಡವಾದರೆ ಬೆಲೆ ಕಡಿಮೆಯಾಗುತ್ತದೆ, ಬಾಡಿಗೆಯಲ್ಲಿ ಕಡಿತವಾಗುತ್ತದೆ. ಆ ಕಡಿತ ಕೊನೆಗೆ ಬಂದು ನಿಲ್ಲುವುದು ಚಾಲಕನ ಜೇಬಿನ ಮೇಲೆ. ಲೋಡ್ ಮಾಡಿಸಲು ಗೋದಾಮಿನ ಮುಂದೆ ಅರ್ಧ ದಿನ ಕಾಯಿಸಿದವರು ಆ ಅರ್ಧ ದಿನವನ್ನು ರಸ್ತೆಯ ಮೇಲೆ ತುಂಬಿಕೊಡು ಎಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ. ತಲುಪಬೇಕಾದ ಹೊತ್ತನ್ನು ಬದಲಿಸದೆ ಇದ್ದರೆ ಸಾಕು.

ಒಪ್ಪಂದದ ಬಗೆ ಬದಲಾದಂತೆ ಅದೇ ಚಾಲಕನ ಕಾಲಿನ ಒತ್ತಡವೂ ಬದಲಾಗುವುದನ್ನು ಗಮನಿಸಬೇಕು. ಕೆಲವು ಮಾಲೀಕರು ಡೀಸೆಲ್, ಟೋಲ್ ಎಲ್ಲಕ್ಕೂ ಸೇರಿಸಿ ಇಂತಿಷ್ಟು ಹಣ ಕೊಟ್ಟು, ಉಳಿದದ್ದು ನಿನ್ನದು ಎನ್ನುತ್ತಾರೆ. ಅಂಥ ಗಾಡಿಯ ಚಾಲಕ 60 ದಾಟುವುದೇ ಅಪರೂಪ, ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿ ಡೀಸೆಲ್ ಉಳಿಸುತ್ತಾನೆ. ಡೀಸೆಲ್ ಖರ್ಚು ಮಾಲೀಕನದು, ಬೇಗ ತಲುಪಿದರೆ ಚಾಲಕನಿಗೆ ಹೆಚ್ಚುವರಿ ಹಣ ಎಂಬ ಒಪ್ಪಂದವಿದ್ದಲ್ಲಿ ಗವರ್ನರ್ ಕಣ್ಣಿಗೆ ಚುಚ್ಚುತ್ತದೆ. ಲಾರಿ ಚಾಲಕರೆಂದರೆ ವೇಗದ ಹುಚ್ಚಿನವರು ಎಂಬ ಮಾತು ಈ ಕಾರಣಕ್ಕೆ ತಪ್ಪು. ವೇಗಕ್ಕೆ ಬೆಲೆ ಕಟ್ಟಿದವರು ಬೇರೆ ಇದ್ದಾರೆ.

ಇಷ್ಟೆಲ್ಲ ಮಾಡಿ ಉಳಿಯುವ ಸಮಯವೆಷ್ಟು? ಬೆಂಗಳೂರಿನಿಂದ ಪುಣೆಗೆ ಸುಮಾರು 840 ಕಿಲೋಮೀಟರ್. ಊರುಗಳು, ಏರುಗಳು, ಟೋಲ್‌ಗಳನ್ನು ಕಳೆದು ಪೂರ್ತಿ ವೇಗದಲ್ಲಿ ಹೋಗಬಹುದಾದ ರಸ್ತೆ 200 ಕಿಲೋಮೀಟರ್ ಸಿಕ್ಕಿತೆಂದು ಇಟ್ಟುಕೊಳ್ಳೋಣ. ಆ ದೂರಕ್ಕೆ 80ರ ವೇಗದಲ್ಲಿ ಎರಡೂವರೆ ಗಂಟೆ, 100ರಲ್ಲಿ ಎರಡು ಗಂಟೆ. ಲಾಭ ಅರ್ಧ ಗಂಟೆ. ಒಂದು ಬಾರಿ ಗೋದಾಮಿನಲ್ಲಿ ಹಮಾಲರು ಸಿಗದಿದ್ದರೆ ಹೋಗುವ ಹೊತ್ತು ಇದಕ್ಕಿಂತ ಹೆಚ್ಚು. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಡೀಸೆಲ್ ಖರ್ಚೂ ಏರುತ್ತದೆ, ಟೈರೂ ಬೇಗ ಸವೆಯುತ್ತದೆ.

ಅಪಾಯದ ಲೆಕ್ಕವೂ ಇದೇ ವರ್ಗದ್ದು. ಮೂರು ಆಕ್ಸಲ್‌ಗಳ ಹತ್ತು ಚಕ್ರದ ಲಾರಿಯ ಒಟ್ಟು ತೂಕಕ್ಕೆ 2018ರಿಂದ 28.5 ಟನ್‌ವರೆಗೆ ಅನುಮತಿ ಇದೆ. ಅದು 80ರಿಂದ 100ಕ್ಕೆ ಏರಿದಾಗ ವೇಗ ಹೆಚ್ಚುವುದು ಶೇಕಡ 25, ಬ್ರೇಕುಗಳು ಅರಗಿಸಿಕೊಳ್ಳಬೇಕಾದ ಶಕ್ತಿ ಹೆಚ್ಚುವುದು ಶೇಕಡ 56. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡು ಹಿಡಿದರೆ, ಅಷ್ಟರಲ್ಲೇ 80ರಲ್ಲಿ 33 ಮೀಟರ್, 100ರಲ್ಲಿ 42 ಮೀಟರ್ ಕಳೆದಿರುತ್ತದೆ. ಬ್ರೇಕು ಹಿಡಿಯುವುದು ಇನ್ನೂ ಅದರ ಮೇಲೆ. ರಾತ್ರಿ ಹೊತ್ತು ದೀಪವಿಲ್ಲದೆ ರಸ್ತೆ ಬದಿಗೆ ನಿಂತ ಮತ್ತೊಂದು ಲಾರಿ ಹೆಡ್‌ಲೈಟಿನ ಬೆಳಕಿಗೆ ಬೀಳುವುದು ಎಷ್ಟು ದೂರದಲ್ಲಿ ಎಂಬುದರ ಮೇಲೆ ಬದುಕು ನಿಂತಿರುವಾಗ ಈ ಮೀಟರುಗಳು ಸಣ್ಣವಲ್ಲ.

ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳಾಗಿ 1,68,491 ಜನ ಸತ್ತರು. ಅದರಲ್ಲಿ ಶೇಕಡ 71ಕ್ಕೂ ಹೆಚ್ಚು ಸಾವುಗಳಿಗೆ ಅತಿವೇಗ ಕಾರಣವೆಂದು ದಾಖಲಾಗಿದೆ. ಈ ಅಂಕಿಯನ್ನು ಸ್ವಲ್ಪ ಎಚ್ಚರದಿಂದ ಓದಬೇಕು. ಠಾಣೆಯಲ್ಲಿ ಪ್ರಕರಣ ಬರೆಯುವಾಗ ‘ಅತಿವೇಗ ಮತ್ತು ಅಜಾಗರೂಕತೆ’ ಎಂಬುದು ಸಿದ್ಧ ವಾಕ್ಯ. ರಸ್ತೆಯ ದೋಷ, ಚಾಲಕನ ನಿದ್ದೆಗೆಟ್ಟ ಸ್ಥಿತಿ, ಅಧಿಕ ಭಾರ ಆ ವಾಕ್ಯದ ಹಿಂದೆ ಮರೆಯಾಗುತ್ತವೆ. ಗವರ್ನರಿನ ಸೀಲು ಒಡೆದಿತ್ತೇ, ಎಂದಿನಿಂದ, ಯಾರು ಒಡೆಸಿದರು ಎಂಬುದೂ ಅಲ್ಲೇ ಮುಚ್ಚಿಹೋಗುತ್ತದೆ.

ಗವರ್ನರಿನ ವಿರುದ್ಧ ಚಾಲಕರು ಹೇಳುವ ಮಾತುಗಳೆಲ್ಲ ನೆಪಗಳಲ್ಲ. ‘ಗಾಡಿ ಎಳೆಯೋದಿಲ್ಲ’ ಎಂಬುದು ಮೊದಲ ದೂರು. ಸರಿಯಾಗಿ ಹೊಂದಿಸಿದ ಸಾಧನ 40ರ ವೇಗದಲ್ಲಿ ಏರು ಹತ್ತುವಾಗ ಅಡ್ಡ ಬರಬಾರದು. ಆದರೆ ಹಳೆಯ ಲಾರಿಗಳಿಗೆ ಅವಸರದಲ್ಲಿ ಕೂರಿಸಿದ, ಡೀಸೆಲ್ ಪೈಪನ್ನೇ ಕಟ್ಟಿಹಾಕುವ ಅಗ್ಗದ ಸಾಧನಗಳು ಬಲವನ್ನೇ ಕುಗ್ಗಿಸಿದ್ದುಂಟು. ಹಳೆಯ ವಾಹನಗಳಿಗೂ ಕಡ್ಡಾಯ ಮಾಡಲು ಹೊರಟಾಗ ಕರ್ನಾಟಕದ ಲಾರಿ ಮಾಲೀಕರ ಸಂಘಗಳು ವಿರೋಧಿಸಿದ್ದರಲ್ಲಿ ಖರ್ಚಿನ ಜೊತೆ ಈ ಅನುಭವವೂ ಇತ್ತು. ಎರಡನೆಯ ದೂರು ಓವರ್‌ಟೇಕಿನದು. ಎದುರಿನಿಂದ ವಾಹನ ಬರುವ ದ್ವಿಪಥ ರಸ್ತೆಯಲ್ಲಿ ಅರ್ಧ ಹಿಂದೆ ಹಾಕಿದ ಮೇಲೆ ಗಾಡಿ ಮುಂದೆ ಹೋಗಲು ನಿರಾಕರಿಸಿದರೆ ಅಪಾಯವೇ. ಬಹುಪಥ ರಸ್ತೆಯಲ್ಲಿ ಇದರ ಇನ್ನೊಂದು ರೂಪವಿದೆ: ಸರಿಸುಮಾರು ಒಂದೇ ವೇಗದ ಎರಡು ಲಾರಿಗಳು ಪಕ್ಕಪಕ್ಕ ಕಿಲೋಮೀಟರುಗಟ್ಟಲೆ ಸಾಗಿ ಹಿಂದಿನವರ ದಾರಿ ಕಟ್ಟುವುದು. ಜರ್ಮನಿಯಲ್ಲಿ ಇದು ಎಷ್ಟು ಕಾಡಿತೆಂದರೆ 2008ರಲ್ಲಿ ಹ್ಯಾಮ್ ನಗರದ ಉನ್ನತ ನ್ಯಾಯಾಲಯ, ಓವರ್‌ಟೇಕ್ ಹೆಚ್ಚೆಂದರೆ 45 ಸೆಕೆಂಡಿನಲ್ಲಿ ಮುಗಿಯಬೇಕು, ಎರಡು ವಾಹನಗಳ ನಡುವೆ ಸುಮಾರು 10 ಕಿಲೋಮೀಟರ್ ವೇಗದ ಅಂತರ ಇರಬೇಕು ಎಂಬ ಅಳತೆಗೋಲು ಕೊಟ್ಟಿತು.

ಸಾಧನಕ್ಕೆ ಇರುವ ನಿಜವಾದ ಮಿತಿ ಮತ್ತೊಂದಿದೆ. ಅದು ಇಂಧನವನ್ನು ತಡೆಯುತ್ತದೆ, ಬ್ರೇಕ್ ಹಾಕುವುದಿಲ್ಲ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವ ಲಾರಿಯನ್ನು ಕೆಳಕ್ಕೆ ಎಳೆಯುವುದು ಅದರ ತೂಕವೇ. ನ್ಯೂಟ್ರಲ್‌ನಲ್ಲಿ ಇಳಿದರೆ ಎಂಜಿನ್ನಿನ ತಡೆಯೂ ಇಲ್ಲ, ಎಲ್ಲ ಹೊಣೆ ಬ್ರೇಕಿನ ಮೇಲೆ ಬಿದ್ದು ಅದು ಕಾದು ಸೋಲುತ್ತದೆ. ಅಂಥಲ್ಲಿ ಗವರ್ನರ್ ಏನೂ ಮಾಡಲಾರದು. ಊರೊಳಗೂ ಅಷ್ಟೆ. 2018ರ ಏಪ್ರಿಲಿನ ಅಧಿಸೂಚನೆಯ ಪ್ರಕಾರ ಸರಕು ವಾಹನಗಳಿಗೆ ಎಕ್ಸ್‌ಪ್ರೆಸ್‌ವೇ ಮತ್ತು ಚತುಷ್ಪಥ ರಸ್ತೆಗಳಲ್ಲಿ 80, ಪಟ್ಟಣ ವ್ಯಾಪ್ತಿಯಲ್ಲಿ ಮತ್ತು ಇತರ ರಸ್ತೆಗಳಲ್ಲಿ 60 ಗರಿಷ್ಠ. ಸಾಧನಕ್ಕೆ ಗೊತ್ತಿರುವುದು 80 ಒಂದೇ.

ಯುರೋಪ್ ಈ ದಾರಿಯಲ್ಲಿ ಮುಂಚೆಯೇ ನಡೆದಿದೆ. 1992ರ ನಿರ್ದೇಶನದಿಂದ 12 ಟನ್ ಮೀರಿದ ಲಾರಿಗಳಿಗೆ, 2002ರ ತಿದ್ದುಪಡಿಯಿಂದ ಮೂರೂವರೆ ಟನ್ ಮೀರಿದವಕ್ಕೂ ಲಿಮಿಟರ್, ಅಂದರೆ ಅಲ್ಲಿನ ಗವರ್ನರ್, ಕಡ್ಡಾಯವಾಯಿತು. ಮಿತಿ 90 ಕಿಲೋಮೀಟರ್. ಅಲ್ಲಿ ಲಿಮಿಟರಿನ ಜೊತೆಗೆ ಟ್ಯಾಕೋಗ್ರಾಫ್ ಎಂಬ ದಾಖಲೆ ಯಂತ್ರವೂ ಇರುತ್ತದೆ. ಚಾಲಕ ಎಷ್ಟು ಹೊತ್ತು ಓಡಿಸಿದ, ಎಷ್ಟು ವಿಶ್ರಾಂತಿ ಪಡೆದ, ಎಷ್ಟು ವೇಗದಲ್ಲಿ ಹೋದ ಎಂಬುದನ್ನೆಲ್ಲ ಅದು ಬರೆದಿಡುತ್ತದೆ. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ಬಿಡುವು, ಸಾಮಾನ್ಯವಾಗಿ ದಿನಕ್ಕೆ 9 ಗಂಟೆ, ವಾರಕ್ಕೆ 56 ಗಂಟೆ ಅಲ್ಲಿನ ಮೇಲ್ಮಿತಿ. ಇದನ್ನು ವಂಚಿಸಲು ಬಳಕೆಗೆ ಬಂದದ್ದು ಅಯಸ್ಕಾಂತ. ಗೇರ್‌ಬಾಕ್ಸಿನ ಸೆನ್ಸರ್ ಬಳಿ ಬಲವಾದ ಅಯಸ್ಕಾಂತ ಇದ್ದರೆ ಮಿಡಿತ ನಿಂತು, ಓಡುತ್ತಿರುವ ಲಾರಿ ನಿಂತಿದೆ ಎಂದು ದಾಖಲಾಗುತ್ತದೆ. ಲಿಮಿಟರ್ ಕೂಡ ಅದೇ ಸಂಕೇತವನ್ನು ನಂಬಿರುವುದರಿಂದ ಅದೂ ಕುರುಡಾಗುತ್ತದೆ. ಕೆಲವು ವಾಹನಗಳಲ್ಲಿ ಎಬಿಎಸ್ ಬ್ರೇಕಿನಂಥ ಸುರಕ್ಷತಾ ವ್ಯವಸ್ಥೆಗಳಿಗೂ ಇದರಿಂದ ಧಕ್ಕೆ. 2019ರ ಜೂನ್‌ನಿಂದ ಹೊಸ ವಾಹನಗಳಿಗೆ ಬಂದ ಸ್ಮಾರ್ಟ್ ಟ್ಯಾಕೋಗ್ರಾಫ್ ಉಪಗ್ರಹದಿಂದ ಸಿಗುವ ಚಲನೆಯ ಮಾಹಿತಿಯನ್ನು ಸೆನ್ಸರಿನ ಎಣಿಕೆಯೊಂದಿಗೆ ತಾಳೆ ನೋಡುತ್ತದೆ. ಎರಡೂ ಹೊಂದದಿದ್ದರೆ ಅದನ್ನೇ ದೋಷವೆಂದು ಬರೆದುಕೊಳ್ಳುತ್ತದೆ. ಬ್ರಿಟನ್ನಿನಲ್ಲಿ ಇಂಥ ವಂಚನೆ ಸಿಕ್ಕಿಬಿದ್ದರೆ ಚಾಲಕನ ಮೇಲೆ ಮೊಕದ್ದಮೆ ಹೂಡುವುದಲ್ಲದೆ, ಟ್ರಾಫಿಕ್ ಕಮಿಷನರ್ ಸಾರಿಗೆ ಸಂಸ್ಥೆಯ ಪರವಾನಗಿಯನ್ನೇ ರದ್ದು ಮಾಡಬಹುದು. ಮಾಲೀಕನ ಎದೆ ನಡುಗುವುದು ಈ ಎರಡನೆಯದಕ್ಕೆ.

ಆಸ್ಟ್ರೇಲಿಯಾ ಇದೇ ಪಾಠವನ್ನು ಸಾವುಗಳಿಂದ ಕಲಿಯಿತು. 1989ರ ಅಕ್ಟೋಬರ್ 20ರಂದು ನ್ಯೂ ಸೌತ್ ವೇಲ್ಸ್‌ನ ಕೌಪರ್ ಬಳಿ ಲಾರಿ ಮತ್ತು ಪ್ರಯಾಣಿಕರ ಬಸ್ಸು ಮುಖಾಮುಖಿಯಾಗಿ 21 ಜನ ಸತ್ತರು. ಲಾರಿ ಚಾಲಕನ ದೇಹದಲ್ಲಿ ನಿದ್ದೆ ತಡೆಯುವ ಎಫೆಡ್ರಿನ್ ವಿಪರೀತ ಪ್ರಮಾಣದಲ್ಲಿತ್ತು. ಎರಡೇ ತಿಂಗಳಲ್ಲಿ ಕೆಂಪ್ಸಿ ಬಳಿ ಎರಡು ಬಸ್ಸುಗಳು ಡಿಕ್ಕಿಯಾಗಿ 35 ಜನ ಸತ್ತರು. ಮುಂದಿನ ವರ್ಷಗಳಲ್ಲಿ ಭಾರೀ ವಾಹನಗಳಿಗೆ 100 ಕಿಲೋಮೀಟರ್ ಮಿತಿಯ ಲಿಮಿಟರ್ ಕಡ್ಡಾಯವಾಯಿತು. ತಿದ್ದುವುದೂ ಶುರುವಾಯಿತು. 2012ರ ಜನವರಿಯಲ್ಲಿ ಸಿಡ್ನಿಯಿಂದ ನೈಋತ್ಯಕ್ಕಿರುವ ಮೆನ್ಯಾಂಗಲ್ ಬಳಿ ಲಾರಿ ಡಿಕ್ಕಿಯಲ್ಲಿ ಒಂದೇ ಕುಟುಂಬದ ಮೂವರು ಸತ್ತ ಮೇಲೆ ಪೊಲೀಸರು ಆ ಲಾರಿಯ ಸಂಸ್ಥೆಯನ್ನೇ ಶೋಧಿಸಿದರು, ಲಿಮಿಟರ್ ತಿದ್ದಿದ ವಾಹನಗಳು ಸಿಕ್ಕವು. 2014ರ ಫೆಬ್ರವರಿಯಲ್ಲಿ ಹಲವು ರಾಜ್ಯಗಳಲ್ಲಿ ಜಾರಿಗೆ ಬಂದ ಭಾರೀ ವಾಹನ ಕಾನೂನು ತಿದ್ದಿದವರನ್ನೂ ತಿದ್ದಿದ ವಾಹನ ಓಡಿಸಿದ ಸಂಸ್ಥೆಯನ್ನೂ ಅಪರಾಧಿಯಾಗಿಸಿತು. ಅದಕ್ಕಿಂತ ಮುಖ್ಯವಾಗಿ, ಸರಕು ಕಳಿಸುವವರು, ತುಂಬುವವರು, ವೇಳಾಪಟ್ಟಿ ಹಾಕುವವರು, ಸರಕು ಪಡೆಯುವವರು ಎಲ್ಲರನ್ನೂ ಹೊಣೆಯ ಸರಪಳಿಗೆ ಸೇರಿಸಿತು. ವೇಗ ಮೀರದೆ ತಲುಪಲಾಗದ ಹೊತ್ತನ್ನು ಗೊತ್ತುಮಾಡಿದವನೂ ಅಲ್ಲಿ ಕಟಕಟೆ ಹತ್ತಬೇಕಾಗುತ್ತದೆ.

ಕೆನಡಾದ ಆಂಟೇರಿಯೊ ಪ್ರಾಂತ್ಯ 2009ರಲ್ಲಿ 105 ಕಿಲೋಮೀಟರ್ ಮಿತಿ ತಂದಾಗ ಲಾರಿ ಚಾಲಕರೊಬ್ಬರು ನ್ಯಾಯಾಲಯಕ್ಕೇ ಹೋದರು. ಸುತ್ತಲಿನ ವಾಹನಗಳು ಇನ್ನೂ ವೇಗದಲ್ಲಿ ಹೋಗುವಾಗ ತನ್ನನ್ನು ಮಾತ್ರ ಕಟ್ಟಿಹಾಕಿದರೆ ಕೆಲವು ಸಂದರ್ಭಗಳಲ್ಲಿ ತನ್ನ ಜೀವಕ್ಕೇ ಅಪಾಯ ಎಂಬುದು ಅವರ ವಾದ. 2015ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಆ ವಾದದಲ್ಲಿ ಹುರುಳಿದೆ ಎಂದು ಒಪ್ಪಿತು. ಆದರೂ ಒಟ್ಟಾರೆ ರಸ್ತೆ ಸುರಕ್ಷತೆಯ ದೃಷ್ಟಿಯಿಂದ ನಿರ್ಬಂಧ ಸಮರ್ಥನೀಯ ಎಂದು ಕಾನೂನನ್ನು ಎತ್ತಿಹಿಡಿಯಿತು. ಚಾಲಕರ ಆತಂಕವನ್ನು ಸುಳ್ಳೆಂದು ತಳ್ಳದೆಯೂ ನಿಯಮವನ್ನು ಉಳಿಸಿಕೊಳ್ಳಬಹುದು ಎಂಬುದಕ್ಕೆ ಈ ತೀರ್ಪು ಒಳ್ಳೆಯ ಮಾದರಿ.

ಭಾರತದ ಕಾನೂನಿನಲ್ಲೂ ಮಾಲೀಕನನ್ನು ಮುಟ್ಟುವ ಬಾಗಿಲುಗಳಿವೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 183ನೇ ಕಲಂ ಮಿತಿ ಮೀರಿ ಓಡಿಸಿದವನ ಜೊತೆ, ತನ್ನ ಕೈಕೆಳಗಿನವನಿಂದ ಹಾಗೆ ಓಡಿಸಿದವನನ್ನೂ ಶಿಕ್ಷಿಸುತ್ತದೆ. ಭಾರೀ ವಾಹನಕ್ಕೆ ದಂಡ 2,000ದಿಂದ 4,000 ರೂಪಾಯಿ. ವಾಹನವನ್ನು ಕಾನೂನಿಗೆ ವಿರುದ್ಧವಾಗಿ ಮಾರ್ಪಡಿಸಿದ ಮಾಲೀಕನಿಗೆ 182ಎ ಕಲಂ ಆರು ತಿಂಗಳವರೆಗೆ ಸೆರೆ, ಇಲ್ಲವೇ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಆದರೆ ರಸ್ತೆಯಲ್ಲಿ ತಡೆದು ನಿಲ್ಲಿಸಿದಾಗ ಎದುರಿಗೆ ಇರುವವನು ಚಾಲಕ. ದಂಡದ ರಸೀದಿ ಅವನ ಕೈಗೆ, ಪರವಾನಗಿ ಹೋಗುವ ಭಯ ಅವನಿಗೆ. ಸರಕಿನ ಒಡೆಯನಂತೂ ಈ ಚಿತ್ರದಲ್ಲೇ ಇಲ್ಲ.

ದುಡಿಮೆಯ ಗಂಟೆಗಳ ವಿಚಾರದಲ್ಲಿ ಕೊರತೆ ಇನ್ನೂ ದೊಡ್ಡದು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8, ವಾರಕ್ಕೆ 48 ಗಂಟೆ ಎಂದು ಬರೆದಿತ್ತು. ಆದರೆ ಅದು ಅನ್ವಯವಾಗುತ್ತಿದ್ದದ್ದು ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ. ಒಂದೆರಡು ಲಾರಿಗಳ ಸಣ್ಣ ಮಾಲೀಕರೇ ತುಂಬಿರುವ ಈ ವ್ಯವಹಾರದಲ್ಲಿ ದೊಡ್ಡ ಪಾಲು ಹೊರಗೇ ಉಳಿಯಿತು. ಲಾರಿ ಚಾಲಕರಿಗೂ ವಿಮಾನ ಚಾಲಕರಂತೆ ಗಂಟೆಗಳ ಮಿತಿ ಬೇಕು ಎಂದು ಸಾರಿಗೆ ಸಚಿವ ನಿತಿನ್ ಗಡ್ಕರಿ 2021ರಲ್ಲಿ ಹೇಳಿದ್ದರು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರೀ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿರುವುದು ಚಾಲಕರ ದಣಿವು ತಗ್ಗಿಸುವ ದಿಕ್ಕಿನ ಒಂದು ಹೆಜ್ಜೆ. ಆದರೆ ಗಂಟೆಗಳನ್ನು ಬರೆದಿಡುವ ಟ್ಯಾಕೋಗ್ರಾಫಿನಂಥ ಕಡ್ಡಾಯ ವ್ಯವಸ್ಥೆ ಸರಕು ಲಾರಿಗಳಲ್ಲಿ ಇನ್ನೂ ಬಂದಿಲ್ಲ. ಬರೀ ವೇಗವನ್ನು ಕಟ್ಟಿ ಗಂಟೆಗಳನ್ನು ಬಿಟ್ಟರೆ, ಕಳೆದುಕೊಂಡ ಅರ್ಧ ಗಂಟೆಯನ್ನು ಚಾಲಕ ತನ್ನ ನಿದ್ದೆಯಿಂದ ಕಡಿದು ಕೊಡುತ್ತಾನೆ.

ಸೀಲು ಒಡೆದದ್ದನ್ನು ಪತ್ತೆ ಮಾಡಲು ಬೇಕಾದ ಮಾಹಿತಿಯ ದೊಡ್ಡ ಭಾಗ ಈಗಾಗಲೇ ಸರ್ಕಾರದ ಕೈಯಲ್ಲಿದೆ. 2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯ. ಪ್ರತಿ ಟೋಲ್ ದಾಟಿದ ಹೊತ್ತು ದಾಖಲಾಗುತ್ತದೆ. ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳ ಪ್ರಕಾರ ಒಂದೇ ರಸ್ತೆಯ ಎರಡು ಟೋಲ್‌ಗಳ ನಡುವೆ ಸಾಮಾನ್ಯವಾಗಿ 60 ಕಿಲೋಮೀಟರ್ ಅಂತರವಿರಬೇಕು. 60 ಕಿಲೋಮೀಟರನ್ನು ಲಾರಿ 45 ನಿಮಿಷಕ್ಕಿಂತ ಕಡಿಮೆ ಹೊತ್ತಿನಲ್ಲಿ ಕ್ರಮಿಸಿದರೆ ಅದರ ಸರಾಸರಿಯೇ 80 ದಾಟಿದೆ ಎಂದರ್ಥ. ಹಾಗಾಗಬೇಕಾದರೆ ಗವರ್ನರ್ ಕೆಲಸ ಮಾಡುತ್ತಿಲ್ಲ ಎನ್ನದೆ ಬೇರೆ ವಿವರಣೆ ಸಿಗುವುದು ಕಷ್ಟ. ಅಂಥ ವಾಹನದ ನೋಂದಾಯಿತ ಮಾಲೀಕನಿಗೆ ನೋಟಿಸು ಹೋಗಿ, ಮುಂದಿನ ಎಫ್‌ಸಿವರೆಗೆ ಕಾಯದೆ ಸಾಧನದ ಮರುಪರೀಕ್ಷೆ ಆಗುವಂತಿದ್ದರೆ, ಹೆದ್ದಾರಿಯಲ್ಲಿ ಚಾಲಕನನ್ನು ಕೈ ಅಡ್ಡ ಹಿಡಿದು ನಿಲ್ಲಿಸುವ ಅಗತ್ಯವೇ ಬಹಳಷ್ಟು ಕಡಿಮೆಯಾಗುತ್ತದೆ. ಟೋಲ್ ಇಲ್ಲದ ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ರಸ್ತೆಗಳಿಗೆ ಈ ಲೆಕ್ಕ ಸಾಲದು. ಅಲ್ಲಿ ಮಿತಿ 60. ಅದನ್ನು ಕಾಯಬೇಕಾದದ್ದು ಊರಿನ ಅಂಚಿನ ಕ್ಯಾಮೆರಾ ಮತ್ತು ಸರಿಯಾಗಿ ಕಟ್ಟಿದ ರಸ್ತೆ ಉಬ್ಬು.